ಎದುರುಮನೆಯ ಜೀರ್ಣೋದ್ಧಾರ

ಎದುರುಮನೆಯ ರಾಯರ ತೊಟ್ಟಿಮನೆಯ ಜೀರ್ಣೋದ್ಧಾರಕ್ಕೆ ಇದು ಮೂರನೆಯ ತಿಂಗಳು. ಮಾಡಿನ ಮಂಗಳೂರು ಹೆಂಚುಗಳನ್ನೆಲ್ಲ ಇಳಿಸಿ ಹಿತ್ತಿಲಲ್ಲಿ ಒಟ್ಟಿದ್ದಾರೆ; 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತೊಡಗಿದ ಉದ್ಯಮದ ವಂಶದವು ಅವು. ಒಡೆದವನ್ನು ಬಿಟ್ಟು ಉಳಿದವನ್ನೇ ಮತ್ತೆ ಹೊದಿಸುವರಂತೆ. ಅಷ್ಟರಮಟ್ಟಿಗೆ ಸಂತೋಷ.

ವಾದವೆದ್ದಿರುವುದು ಗೋಡೆಯ ವಿಷಯದಲ್ಲಿ. ಮಣ್ಣುಗೋಡೆಗೆ ಸಿಮೆಂಟಿನ ಗಿಲಾವೇ ಬೇಕೆಂದು ರಾಯರ ಮಗನ ಹಟ. ಸುಣ್ಣದ ಗಾರೆಯೇ ಲೇಸೆಂದು ವೃದ್ಧ ಮೇಸ್ತ್ರಿ. ನನ್ನದು ಮೇಸ್ತ್ರಿಯ ಪಕ್ಷ. ನೆಲದಿಂದೇರಿದ ತೇವವನ್ನು ಸುಣ್ಣ ಹೊರಕ್ಕೆ ಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ. ಹೊರಗೆ ನುಣುಪು, ಒಳಗೆ ಕರಗುವ ಮಣ್ಣು! (ಮನುಷ್ಯರಲ್ಲಿಯೂ ಇಂಥವರುಂಟೆನ್ನಿ.)

ಇನ್ನು ತೊಟ್ಟಿಯ ಮೇಲೆ ತಾರಸಿ ಹಾಕುವ ಮಾತೂ ನಡೆದಿದೆ. ರಾಯರ ವೃದ್ಧ ತಾಯಿ ನಿತ್ಯವೂ ಬಿಸಿಲಿಗೆ ಕುಳಿತು ಬತ್ತಿ ಹೊಸೆಯುವುದು ಅಲ್ಲಿಯೇ. “ಆಕಾಶಕ್ಕೂ ಮುಚ್ಚಳ ಹಾಕ್ತೀಯೇನೋ ಮಗು?” ಎಂದು ಮೊಮ್ಮಗನನ್ನು ಕೇಳಿದರಂತೆ. ಅವನು ಉತ್ತರವಿತ್ತಿಲ್ಲ. ಕಬ್ಬಿಣದ ಸರಳುಗಳು ಮಾತ್ರ ನಿನ್ನೆ ಬಂದಿಳಿದಿವೆ.