ಕಮತಗಿಯ ಮಹಾಜನರೆ, ಸೋಲಾರ್ ಒಬ್ಬೊಬ್ಬರೇ ಕೊಳ್ಳಬೇಡಿ

ಅಣ್ಣಂದಿರೆ, ಅಕ್ಕಂದಿರೆ, ಮಗ್ಗದ ಮನೆಯವರೆ,

ಹೋದ ಬೇಸಿಗೆಯಲ್ಲಿ ನಮ್ಮ ಓಣಿಗೆ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಬಂದ. ಸೋಲಾರ್ ಹಾಕಿಸಿದರೆ ಕರೆಂಟಿನ ಚಿಂತೆಯೇ ಇಲ್ಲ ಅಂದ. ಒಂದು ಮನೆಯವರು ನಂಬಿ ಹಾಕಿಸಿದರು. ಮುಂದೊಂದು ಮಧ್ಯಾಹ್ನ ಲೈನ್ ಹೋಯಿತು. ಹೊರಗೆ ನೆತ್ತಿ ಸುಡುವ ಬಿಸಿಲು, ಮಾಳಿಗೆ ಮೇಲೆ ಫಳಫಳ ಹೊಳೆಯುವ ಪ್ಯಾನಲ್. ಒಳಗೆ ಕುಣಿಮಗ್ಗದ ಮೇಲಿನ ದೀಪವೂ ಬಂದ್, ಫ್ಯಾನೂ ಬಂದ್. "ಇಷ್ಟ್ ಬಿಸಲೈತಿ, ಕರೆಂಟ್ ಯಾಕಿಲ್ಲೋ ತಮ್ಮಾ?" ಎಂದು ಆ ಮನೆಯ ಅಜ್ಜಿ ಕೇಳಿದಳು. ಹೇಳುವವರು ಯಾರಿದ್ದರು? ಹುಡುಗನ ಫೋನೂ ಬಂದ್.

ಉತ್ತರ ದೊಡ್ಡದೇನಲ್ಲ. ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ. ಲೈನ್ ಇಲ್ಲದಾಗಲೂ ದೀಪ ಉರಿಯಬೇಕೆಂದರೆ ಬ್ಯಾಟರಿ ಬೇಕು, ಅದಕ್ಕೆ ರೊಕ್ಕ ಬೇರೆ. ಈ ಮಾತನ್ನು ಸಹಿ ಹಾಕುವ ಮೊದಲು ಕೇಳಬೇಕೆಂದು ಒಂಟಿ ಗಿರಾಕಿಗೆ ಹೊಳೆಯುವುದಿಲ್ಲ. ಐವತ್ತು ಮನೆಯವರು ಕೂಡಿ ಕುಳಿತರೆ ಒಬ್ಬರಿಗಾದರೂ ಹೊಳೆಯುತ್ತದೆ. ಐವತ್ತು ಮನೆಯ ಆರ್ಡರ್ ಎಂದರೆ ಮಾರುವವನೂ ದರ ಇಳಿಸುತ್ತಾನೆ, ಫೋನೂ ಎತ್ತುತ್ತಾನೆ.

ಕೂಡಿ ಮಾಡುವುದು ಈ ಸೀಮೆಗೆ ಹೊಸದೇ? ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದರು. ಕರೆಂಟಿನದೇ ಸಂಘ ನೋಡಬೇಕೆಂದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಹೋಗಿ ಬನ್ನಿ. 1969ರಲ್ಲಿ ಹುಟ್ಟಿದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇವತ್ತಿಗೂ ಸಗಟಾಗಿ ಕರೆಂಟ್ ಕೊಂಡು ಮನೆಮನೆಗೆ ಹಂಚುತ್ತಿದೆ. ಅದರ ಚುನಾವಣೆಯ ಗದ್ದಲ ವಿಧಾನಸಭೆ ಚುನಾವಣೆಗಿಂತ ಕಡಿಮೆಯದಲ್ಲ. ರೊಕ್ಕ ಇದ್ದಲ್ಲಿ ರಾಜಕಾರಣ ಬಂದೇ ಬರುತ್ತದೆ, ನಮ್ಮ ಲೆಕ್ಕ ಮೊದಲ ದಿನದಿಂದಲೇ ಬಯಲಲ್ಲಿರಲಿ. ಇನ್ನು ಸಾಲದ ಮಾತು: ಸೋಲಾರ್ ಹೆಸರೇ ಹೊಸದಾಗಿದ್ದ 1990ರ ದಶಕದಲ್ಲಿ ಮನೆದೀಪಕ್ಕೆ ಸಾಲ ಕೊಟ್ಟದ್ದು ನಮ್ಮದೇ ಹೊಳೆಯ ಹೆಸರಿನ ಮಲಪ್ರಭಾ ಗ್ರಾಮೀಣ ಬ್ಯಾಂಕು. 290 ಮೆಗಾವ್ಯಾಟ್ ಕರೆಂಟು ಹುಟ್ಟಿಸುವ ಆಲಮಟ್ಟಿ ಅಣೆಕಟ್ಟಿಗೆ ನಮ್ಮ ಜಿಲ್ಲೆ ಹೊಲ-ಮನೆ ಮುಳುಗಿಸಿಕೊಂಡಿದೆ. ಅದರ ಸ್ವಿಚ್ ನಮ್ಮ ಕೈಯಲ್ಲಿಲ್ಲ. ಮಾಳಿಗೆ ಮೇಲಿನ ಬಿಸಿಲಾದರೂ ಇರಲಿ.

ಈಗ ಲೆಕ್ಕ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 1 ಕಿಲೋವ್ಯಾಟ್ ಹಾಕಿಸಿದರೆ 30,000, 2ಕ್ಕೆ 60,000, 3 ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯುನಿಟ್ ಹತ್ತಿರ ಬರುತ್ತದೆ. ಅಂಗಡಿ, ಗಿರಣಿಗಳಿಗೆ ಈ ಸಬ್ಸಿಡಿ ಇಲ್ಲ. ಆದರೂ ಗುಂಪಿನಲ್ಲಿ ಬಂದರೆ ಗುಂಪಿನ ದರ ಅವರಿಗೂ ಸಿಗುತ್ತದೆ.

ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ಲು ಬರುವವರು ಸದ್ಯಕ್ಕೆ ಸಾಲ ಮಾಡಬೇಡಿ. ಸೋಲಾರ್ ಕರಪತ್ರದವರೇ ಹೀಗೆನ್ನುತ್ತಾರಲ್ಲ ಎಂದು ನಗಬೇಡಿ. ಕೂಡಿ ಸೋಲಾರ್ ಕೊಳ್ಳುವ ಮಾತು ಇನ್ನೂರು ಯುನಿಟ್ ದಾಟಿ ಪೂರಾ ಬಿಲ್ಲು ಕಟ್ಟುತ್ತಿರುವ ಮನೆಗಳಿಗೆ ಮೊದಲು.

ಮಣ್ಣಿನ ಮಾಳಿಗೆಯವರು ಏನು ಮಾಡಬೇಕು? ಆ ಮಾಳಿಗೆ ಪ್ಯಾನಲ್ಲಿನ ಭಾರ ತಡೆಯದು. ಬೇರೊಂದು ಕಡೆ ಕೂಡಿ ಪ್ಯಾನಲ್ ಹಾಕಿಸಿ, ಹುಟ್ಟಿದ ಯುನಿಟ್ಟುಗಳನ್ನು ಪಾಲುದಾರರ ಬಿಲ್ಲುಗಳಲ್ಲಿ ಹಂಚಿ ಕಳೆಯುವ ಪದ್ಧತಿಗೆ ದಿಲ್ಲಿಯಲ್ಲಿ 2019ರಲ್ಲೇ ನಿಯಮ ಬಂದಿದೆ. ಕಮತಗಿಗೂ ಅದು ಬೇಕೆಂದು ಹೆಸ್ಕಾಂ ಕಚೇರಿಗೆ ಒಂದೇ ಅರ್ಜಿ ಕೊಡೋಣ. ಸಹಿ ಮಾತ್ರ ನೂರಾರು ಇರಲಿ.

ಈ ವಾರ ಓಣಿಯ ಕಟ್ಟೆಯ ಮೇಲೆ ಹತ್ತು ಹತ್ತು ಮನೆಯವರು ಕೂಡಿರಿ. ಓಣಿಗೆ ಇಬ್ಬರನ್ನು ಆರಿಸಿ. ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ, ಮನೆಯ ಬಿಲ್ಲಿನ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಯೋಜನೆಯಲ್ಲಿ ನೋಂದಾಯಿಸಿಕೊಂಡ ಮೂರು ಕಂಪನಿಗಳಿಂದಾದರೂ ಕೊಟೇಶನ್ ತರಿಸಿ, ಎಲ್ಲರೆದುರು ಒಡೆದು ಓದೋಣ. ಐದು ವರ್ಷದ ರಿಪೇರಿ ಅವರದೇ ಹೊಣೆ. ಅದು ಕನ್ನಡದಲ್ಲಿ ಕಾಗದಕ್ಕೆ ಬರಲಿ. ಯಾರ ಕೈಗೂ ನಗದು ಕೊಡಬೇಡಿ, ನಮ್ಮ ಕೈಗೂ ಬೇಡ. ರೊಕ್ಕ ಬ್ಯಾಂಕಿನಿಂದ ನೇರ ಕಂಪನಿಗೆ ಹೋಗಲಿ.

ಬರುವ ಅಮಾವಾಸ್ಯೆ ಸಂಜೆ, ಮಗ್ಗಕ್ಕೆ ಬಿಡುವಿದ್ದಾಗ, ಎಲ್ಲ ಓಣಿಯವರೂ ಒಟ್ಟಿಗೆ ಸೇರೋಣ. ಹನ್ನೆರಡು ತಿಂಗಳ ಬಿಲ್ಲು ತನ್ನಿ. ಬಿಲ್ಲು ಕಳೆದಿದ್ದರೆ ಆರ್‌ಆರ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಸಾಕು.

— ಕಮತಗಿಯ ಕೆಲವು ನೇಕಾರರು, ಅಂಗಡಿಕಾರರು