ಮದ್ದು ಮತ್ತು ಮಂತ್ರ

ಆಟಿಯ ಮಳೆ ಹಿಡಿದು ಒಂಬತ್ತು ದಿನವಾಯಿತು. ಅಡಿಕೆಗೆ ಎರಡನೇ ಸಲ ಮದ್ದು ಬಿಡಬೇಕಾದ ಹೊತ್ತು ಇದು. ಮೈಲುತುತ್ತು ತಂದಿಟ್ಟಾಗಿದೆ, ಸುಣ್ಣವೂ ಇದೆ. ಆದರೆ ಗೊನೆ ಒಣಗುವಷ್ಟು ಬಿಸಿಲೇ ಬರುತ್ತಿಲ್ಲ. ಕಾಸರಗೋಡಿನ ಈ ಮುಳ್ಳೇರಿಯದಲ್ಲಿ ಕರೆಂಟು ಬೆಳಿಗ್ಗೆ ಹೋದರೆ ಸಂಜೆಯ ತನಕ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಜಗಲಿಯಲ್ಲಿ ಬೆಳಕು ಇರುವಷ್ಟು ಹೊತ್ತು ಕೂತು ಈ ಒಂಬತ್ತು ದಿನದಲ್ಲಿ ನಾಲ್ಕು ಕಾದಂಬರಿ ಓದಿದೆ. ಎರಡು ಇಲ್ಲದ ಲೋಕದವು. ಒಂದು ಇವತ್ತಿನ ಬೆಂಗಳೂರಿನ ಮನೆಯದು. ಇನ್ನೊಂದು, ಇಲ್ಲಿಂದ ಬದಿಯಡ್ಕ ದಾಟಿ ಪೆರ್ಲದ ಕಡೆ ಹೋದರೆ ಸಿಗುವ ಊರಿನದು. ಅದನ್ನು ಯಾವ ಸಾಲಿಗೆ ಸೇರಿಸಬೇಕೆಂದು ಇನ್ನೂ ತೀರ್ಮಾನ ಮಾಡಲಾಗಿಲ್ಲ.

ಮೊದಲನೆಯದು ಅಕ್ಕನ ಮಗ ರಜೆಯಲ್ಲಿ ಬಂದವನು ಬಿಟ್ಟುಹೋದ ಪುಸ್ತಕ, ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ 'ಎ ವಿಜರ್ಡ್ ಆಫ್ ಅರ್ತ್‌ಸೀ'. ಮಾಟ, ಮಂತ್ರ, ಡ್ರಾಗನ್ನುಗಳ ಕಥೆ ನಮಗ್ಯಾಕೆ ಎಂದು ಕೇಳುವವರು ಊರಲ್ಲಿ ಇದ್ದಾರೆ. ನಮ್ಮ ಕಾರಡ್ಕದಲ್ಲೇ 1940ರಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶರು ಹೈದರಾಬಾದಿನಲ್ಲಿ ನೆಲೆಸಿ ಕೊನೆಯ ತನಕ ಲೋಕದ ಸಾಹಿತ್ಯವನ್ನೆಲ್ಲ ಮನೆಯ ಸಾಹಿತ್ಯದಂತೆ ಓದಿದರು, ಕನ್ನಡದಲ್ಲಿ ಅದರ ಬಗ್ಗೆ ಬರೆದರು. ಅವರು ಹುಟ್ಟಿದ ಮಣ್ಣಿನಲ್ಲಿ ಕೂತು ದೂರದ ಪುಸ್ತಕ ಓದಲು ಸಂಕೋಚ ಪಡಬೇಕಾದ್ದಿಲ್ಲ.

ಗೆಡ್ ಎಂಬ ಹುಡುಗ ದ್ವೀಪವೊಂದರಲ್ಲಿ ಆಡು ಕಾಯುವವನು. ಮಂತ್ರವಿದ್ಯೆಯ ಶಾಲೆ ಸೇರುತ್ತಾನೆ. ಆ ಲೋಕದಲ್ಲಿ ಪ್ರತಿ ವಸ್ತುವಿಗೂ ಒಂದು ನಿಜದ ಹೆಸರಿದೆ. ಅದು ಗೊತ್ತಿದ್ದರೆ ಆ ವಸ್ತು ನಿಮ್ಮ ಮಾತು ಕೇಳುತ್ತದೆ. ಇದನ್ನು ಓದುವಾಗ ನನಗೆ ಹೊಸತೆನಿಸಲಿಲ್ಲ. ರಾತ್ರಿ ಹೊತ್ತು ಹಾವಿನ ಹೆಸರು ಹೇಳಬಾರದು, 'ಹುಳ' ಅನ್ನಬೇಕು ಎಂದು ಕೇಳಿಕೊಂಡೇ ಬೆಳೆದವರು ನಾವು. ಹೆಸರಿಗೆ ಶಕ್ತಿ ಇದೆ ಎಂದು ನಮಗೆ ಯಾವ ಕಾದಂಬರಿಯೂ ಕಲಿಸಬೇಕಾಗಿಲ್ಲ. ಹೊಸತು ಅನ್ನಿಸಿದ್ದು ಬೇರೆ. ಅಲ್ಲಿನ ಗುರುಗಳು ವಿದ್ಯೆ ಕಲಿಸುವುದಕ್ಕಿಂತ ಹೆಚ್ಚು, ವಿದ್ಯೆ ಬಳಸಬೇಡ ಎನ್ನುವುದನ್ನು ಕಲಿಸುತ್ತಾರೆ. ಒಂದು ದ್ವೀಪದಲ್ಲಿ ಮಂತ್ರ ಹಾಕಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಆದ್ದರಿಂದ ಅಗತ್ಯ ಏನು ಎಂದು ಗೊತ್ತಾಗುವ ತನಕ ಕೈ ಎತ್ತಬಾರದು. ಗೆಡ್ ಈ ಮಾತು ಕೇಳುವುದಿಲ್ಲ. ಜೊತೆಯವನ ಮೇಲಿನ ಹಟಕ್ಕೆ ಬಿದ್ದು ಸತ್ತವಳೊಬ್ಬಳನ್ನು ಕರೆಯಲು ಹೋಗಿ, ಹೆಸರಿಲ್ಲದ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಆ ಬಿರುಕು ಮುಚ್ಚುವುದಕ್ಕೆ ಹಿರಿಯ ಗುರು ಪ್ರಾಣ ಕೊಡುತ್ತಾನೆ. ಹುಡುಗನ ಮುಖದ ಮೇಲೆ ಗಾಯದ ಕಲೆ ಉಳಿಯುತ್ತದೆ. ಪುಸ್ತಕದ ಉಳಿದ ಭಾಗವೆಲ್ಲ ಆ ಒಂದು ತಪ್ಪಿನ ಲೆಕ್ಕ ತೀರಿಸುವುದೇ.

ಅದ್ಭುತ ಕಥೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ ಎಂದು ನನ್ನ ಅನಿಸಿಕೆ. ಮಂತ್ರಕ್ಕೆ ಬೆಲೆ ಇರಬೇಕು. ಈಚೆಗೆ ಬರುತ್ತಿರುವ ದಪ್ಪ ದಪ್ಪ ಮಾಯಾಲೋಕದ ಪುಸ್ತಕಗಳಲ್ಲಿ ಕೆಲವನ್ನು ಅರ್ಧಕ್ಕೆ ಬಿಟ್ಟೆ. ಮೊದಲ ಪುಟದಲ್ಲಿ ನಕ್ಷೆ, ಆಮೇಲೆ ರಾಜವಂಶಗಳ ಹೆಸರು, ಕತ್ತಿ, ಕಿರೀಟ. ನಾಯಕ ಕೈ ಬೀಸಿದರೆ ಗೋಡೆ ಬೀಳುತ್ತದೆ, ಆದರೆ ಅವನ ಕೈಗೆ ನೋವಾಗುವುದಿಲ್ಲ. ಬಯಲಾಟ ನೋಡಿ ಬೆಳೆದವನಿಗೆ ಇದು ಸಾಲದು. ತೆಂಕುತಿಟ್ಟಿನ ಬಣ್ಣದ ವೇಷ ಹೇಗೆ ಸಿದ್ಧವಾಗುತ್ತದೆ ಎಂದು ಚೌಕಿಯಲ್ಲಿ ಕೂತು ನೋಡಿದ್ದೇನೆ. ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕನ್ನಡಿ ಹಿಡಿದುಕೊಂಡು, ಕೆನ್ನೆಯ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾನೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಳೆ ಮಾತಿಲ್ಲ, ನಗುವ ಹಾಗಿಲ್ಲ, ನಕ್ಕರೆ ಚುಟ್ಟಿ ಬಿರಿಯುತ್ತದೆ. ಬೆಳಗಿನ ಜಾವ ತೆರೆಯ ಮೇಲಿಂದ ಆ ಮುಖ ಎದ್ದಾಗ ಮುಂದಿನ ಸಾಲಿನ ಮಕ್ಕಳು ಕಿರುಚಿ ಹಿಂದೆ ಸರಿಯುತ್ತಾರೆ. ಅವರು ಹೆದರಿದ್ದು ಅಷ್ಟು ಹೊತ್ತಿನ ದುಡಿಮೆಗೆ. ಬರೆಯುವವನೂ ಚೌಕಿಯಲ್ಲಿ ಅಷ್ಟು ಹೊತ್ತು ಕೂರಬೇಕು. ಲೆ ಗ್ವಿನ್ ಕೂತಿದ್ದಾರೆ.

ಚಂದ್ರಶೇಖರ ಕಂಬಾರರೂ ಕೂತಿದ್ದಾರೆ. 'ಶಿಖರಸೂರ್ಯ'ವನ್ನು ನಾನು ಓದುತ್ತಿರುವುದು ಎರಡನೇ ಸಲ. ಶಿವಾಪುರ ಎಂಬ ಅವರ ಹಳೆಯ ಕಲ್ಪಿತ ಊರಿನಿಂದ ವೈದ್ಯ ಕಲಿತ ಒಬ್ಬ ಹೊರಟು ಕನಕಪುರಿ ಎಂಬ ರಾಜ್ಯ ಸೇರಿ, ರಾಜವೈದ್ಯನಾಗಿ, ಆಮೇಲೆ ಅಧಿಕಾರದ ತುದಿ ಹತ್ತುವ ಕಥೆ. ಜಾನಪದದ ಮಾತು, ಅರಮನೆಯ ಒಳಸಂಚು, ಪವಾಡ, ಎಲ್ಲ ತುಂಬಿಕೊಂಡಿರುವ ದೊಡ್ಡ ಕಾದಂಬರಿ. ನಡುವೆ ಕೆಲವು ಕಡೆ ಕಥೆ ಹಬ್ಬಿ ಓದುಗನ ಕೈತಪ್ಪುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜೀವ ಉಳಿಸಲೆಂದು ಕಲಿತ ವಿದ್ಯೆ ಜೀವ ತೆಗೆಯಲು ತಿರುಗುವ ಜಾಗ ಬಂದಾಗ ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಮಳೆ ನೋಡಿದೆ. ನಮ್ಮ ಕಡೆಯ ಮಾತಿನಲ್ಲಿ ಈ ಎರಡಕ್ಕೂ ಒಂದೇ ಪದ. ಜ್ವರ ಬಂದವನಿಗೆ ಕೊಡುವುದೂ ಮದ್ದು, ಹುಳ ಸಾಯಲೆಂದು ಬಿಡುವುದೂ ಮದ್ದು. ಅಂಗಡಿಗೆ ಹೋಗಿ 'ಮದ್ದು ಕೊಡಿ' ಎಂದರೆ ಯಾವ ಅಂಗಡಿಯ ಎದುರು ನಿಂತಿದ್ದೇವೆ ಎನ್ನುವುದರ ಮೇಲೆ ಅರ್ಥ.

ಇಲ್ಲಿಗೆ ಬಂದಾಗ ಮೂರನೇ ಪುಸ್ತಕ ಎತ್ತಿಕೊಳ್ಳದೆ ಇರಲಾಗಲಿಲ್ಲ. ಅಂಬಿಕಾಸುತನ್ ಮಾಙಾಡ್ ಅವರ 'ಎಣ್ಮಕಜೆ', 2009ರಲ್ಲಿ ಬಂದ ಮಲಯಾಳ ಕಾದಂಬರಿ. 2017ರಲ್ಲಿ ಜೆ. ದೇವಿಕಾ ಅವರ ಇಂಗ್ಲಿಷ್ ಅನುವಾದ ಬಂತು, ಅದರ ಹೆಸರು 'ಸ್ವರ್ಗ'. ಸ್ವರ್ಗ ಎನ್ನುವುದು ಎಣ್ಮಕಜೆ ಪಂಚಾಯತಿನಲ್ಲಿ ನಿಜಕ್ಕೂ ಇರುವ ಊರು. ನಾನು ಮಲಯಾಳದಲ್ಲೇ ಓದಿದೆ, ನಿಧಾನವಾಗಿ. ಆಫೀಸಿನ ಅರ್ಜಿ, ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ನಮ್ಮಂಥವರಿಗೆ ಬದುಕಿನ ಅಗತ್ಯದಿಂದ ಬಂದಿದೆ. ಕಾದಂಬರಿ ಓದುವಷ್ಟನ್ನು ಪ್ರೀತಿಯಿಂದ ಕಲಿಯಬೇಕಾಯಿತು. ಆ ಮಲಯಾಳದ ಸಾಲುಗಳ ನಡುವೆ ನಮ್ಮ ಗುಡ್ಡೆ, ತೋಡುಗಳ ಹೆಸರು ಎದುರಾದಾಗ ಆಗುವ ಅನುಭವವನ್ನು ಗಡಿಯವರಿಗೆ ವಿವರಿಸಬೇಕಾಗಿಲ್ಲ.

ನೀಲಕಂಠನ್, ದೇವಯಾನಿ ಎಂಬಿಬ್ಬರು ಊರನ್ನು, ಜನರನ್ನು ಬಿಟ್ಟು ಜಟಾಧಾರಿ ಗುಡ್ಡೆಯ ಕಾಡಿನಲ್ಲಿ ಬದುಕುತ್ತಿದ್ದಾರೆ. ಅಲ್ಲಿಗೆ ಮೈ ತುಂಬ ಹುಣ್ಣಾದ ಒಂದು ಮಗುವನ್ನು ದೇವಯಾನಿ ಎತ್ತಿ ತರುತ್ತಾಳೆ. ಮಗುವಿಗೆ ಏನಾಗಿದೆ ಎಂದು ಹುಡುಕುತ್ತ ಹೋದರೆ ಮನೆಮನೆಯಲ್ಲೂ ಅಂಥದ್ದೇ ಮಕ್ಕಳು. ಊರವರು ಇದನ್ನು ದೈವದ ಶಾಪ ಎಂದುಕೊಂಡಿದ್ದಾರೆ. ಜಟಾಧಾರಿ ನಮ್ಮ ಕಡೆ ದೈವದ ಹೆಸರೂ ಹೌದಲ್ಲವೇ. ಶಾಪ ಬಂದದ್ದು ಮೇಲಿನಿಂದಲೇ, ಹೆಲಿಕಾಪ್ಟರಿನಿಂದ.

ಇಲ್ಲಿಂದ ಮುಂದಿನದು ಕಲ್ಪನೆಯಲ್ಲ. ಗೇರುತೋಟಗಳಲ್ಲಿ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ವರ್ಷವರ್ಷವೂ ಎಂಡೋಸಲ್ಫಾನ್ ಅನ್ನು ಆಕಾಶದಿಂದ ಸುರಿದರು. ಗೇರು ಇರುವುದು ಗುಡ್ಡೆಯ ನೆತ್ತಿಯಲ್ಲಿ. ಮನೆ, ಬಾವಿ, ತೋಟ, ತೋಡು ಎಲ್ಲ ತಗ್ಗಿನಲ್ಲಿ. ಸುರಿದದ್ದು ಮಳೆಗೆ ಎಲ್ಲಿಗೆ ಇಳಿಯುತ್ತದೆ ಎನ್ನಲು ವಿಜ್ಞಾನ ಬೇಕಾಗಿಲ್ಲ. ತೊಂದರೆಗೊಳಗಾದವೆಂದು ಸರಕಾರ ಗುರುತಿಸಿದ 11 ಪಂಚಾಯತುಗಳಲ್ಲಿ ಎಣ್ಮಕಜೆ ಇದೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಇವೆ, ನಮ್ಮ ಕಾರಡ್ಕವೂ ಇದೆ. ಪತ್ರಕರ್ತ ಶ್ರೀಪಡ್ರೆ, ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಅಂಥವರು ವರ್ಷಗಟ್ಟಳೆ ಬರೆದರು, ಕೇಳುವವರಿಗಾಗಿ ಕಾದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ಅನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ, ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಿದ್ದರು ಎಂದು.

ಇಷ್ಟೆಲ್ಲ ವರದಿಯಲ್ಲಿ ಬಂದಾಗಿದೆ. ಹಾಗಿರುವಾಗ ಕಾದಂಬರಿಕಾರ ಏನು ಮಾಡಬೇಕು? ಮಾಙಾಡ್ ಒಂದು ಗುಹೆಗೆ ಬಾಯಿ ಕೊಟ್ಟರು. ಜಟಾಧಾರಿ ಗುಡ್ಡೆಯ ಗುಹೆ ನೀಲಕಂಠನೊಡನೆ ಮಾತಾಡುತ್ತದೆ, ಹಾವು ಮಾತಾಡುತ್ತದೆ, ಕೊನೆಗೆ ಗುಹೆ ಅವರನ್ನು ಒಳಗೆ ಕರೆಯುತ್ತದೆ. ಇದು ಸರಿಯಲ್ಲ, ಇಷ್ಟು ನಿಜವಾದ ಸಂಕಟದ ನಡುವೆ ಮಾತಾಡುವ ಗುಹೆ ತಂದರೆ ಓದುಗ ಸಂಕಟವನ್ನೇ ಕಥೆ ಎಂದುಕೊಳ್ಳುತ್ತಾನೆ ಎಂದು ಮೊದಲು ನನಗೂ ಅನ್ನಿಸಿತ್ತು. ಆ ರಾತ್ರಿ ಚಿಮಿಣಿ ದೀಪದ ಎದುರು ಅಮ್ಮನಿಗೆ ಕಥೆ ಹೇಳಿದೆ. ಅಮ್ಮನಿಗೆ ಎಂಬತ್ತು ದಾಟಿದೆ. ಗುಹೆಯ ವಿಷಯ ಬಂದಾಗ ನಾನು ಸ್ವಲ್ಪ ತಡೆದೆ.

"ಗುಹೆ ಮಾತಾಡಿದ್ರಲ್ಲಿ ಎಂತ ಆಶ್ಚರ್ಯ? ದೈವ ನುಡಿ ಕೊಡುದಿಲ್ವಾ?" ಎಂದರು ಅಮ್ಮ. "ಮೇಲಿಂದ ಮದ್ದು ಬಿಟ್ಟವರಿಗೆ ಕೆಳಗೆ ಮನೆ ಉಂಟೂಂತ ಕಾಣ್ಲಿಲ್ವಾ? ಅದು ನಂಗೆ ಇವತ್ತಿಗೂ ಅರ್ಥ ಆಗುದಿಲ್ಲ."

ಆ ಮಾತಿನ ನಂತರ ನನ್ನ ಆಕ್ಷೇಪ ಉಳಿಯಲಿಲ್ಲ. ಯಾವುದು ನಂಬಲಾಗದ್ದು ಎಂದು ತೀರ್ಮಾನಿಸುವವರು ಯಾರು? ಬಾವಿಗೆ ವಿಷ ಬೀಳುವುದನ್ನು ಕಡತದಲ್ಲಿ ಸಹಜ ಎಂದು ಬರೆಯಲು ಸಾಧ್ಯವಾದರೆ, ಗುಡ್ಡೆ ಬಾಯಿ ಬಿಡುವುದೇ ಸರಿ. ಲೆ ಗ್ವಿನ್ ಅವರ ಗುರು ಹೇಳಿದ ಲೆಕ್ಕ ಇಲ್ಲಿ ಅಕ್ಷರಶಃ ನಡೆದಿದೆ: ಒಂದು ಕಡೆಯ ಫಸಲಿಗೆ ಇನ್ನೊಂದು ಕಡೆಯ ಮಕ್ಕಳು ಬೆಲೆ ಕೊಟ್ಟರು. ಅದ್ಭುತ ಕಾದಂಬರಿ ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ, ಅದಕ್ಕೇ ನಾನು ಅದನ್ನು ಮಕ್ಕಳ ಓದು ಎಂದು ಬದಿಗಿಡಲಾರೆ.

ನಾಲ್ಕನೆಯದು ವಿವೇಕ ಶಾನಭಾಗರ 'ಸಕೀನಾಳ ಮುತ್ತು', 2021ರದ್ದು. ಇದರಲ್ಲಿ ಮಾಟವೂ ಇಲ್ಲ, ಗುಹೆಯೂ ಇಲ್ಲ. ಬೆಂಗಳೂರಿನ ಒಂದು ಮನೆ. ವೆಂಕಟ್, ವಿಜಿ, ಕಾಲೇಜು ಓದುವ ಮಗಳು ರೇಖಾ. ಒಂದು ದಿನ ಇಬ್ಬರು ಹುಡುಗರು ಬಾಗಿಲು ತಟ್ಟಿ ಮಗಳನ್ನು ಕೇಳುತ್ತಾರೆ. ಅಷ್ಟರಿಂದ ಮನೆಯ ನೆಮ್ಮದಿ ಸಡಿಲವಾಗುತ್ತದೆ. ಕಥೆ ಹೇಳುವವನು ವೆಂಕಟನೇ, ತಾನು ಒಳ್ಳೆಯವನು ಎಂದು ಅವನಿಗೆ ಅನುಮಾನವೇ ಇಲ್ಲ. ಅವನು ಹೇಳದೆ ಬಿಟ್ಟದ್ದರಲ್ಲಿ ಹೆಂಡತಿ ಮತ್ತು ಮಗಳು ಏನು ಬೆಲೆ ಕೊಟ್ಟಿದ್ದಾರೆ ಎನ್ನುವುದು ನಮಗೆ ಕಾಣತೊಡಗುತ್ತದೆ, ಅವನಿಗೆ ಕಾಣುವುದಿಲ್ಲ. ಮೇಲಿನಿಂದ ನೋಡುವವನಿಗೆ ಕೆಳಗಿನ ಮನೆ ಕಾಣಲಿಲ್ಲವೇ ಎಂಬ ಅಮ್ಮನ ಪ್ರಶ್ನೆ ಈ ಪುಸ್ತಕ ಓದುವಾಗಲೂ ಬೆನ್ನು ಬಿಡಲಿಲ್ಲ. ನಾನೂ ಒಬ್ಬ ಗಂಡ, ಒಬ್ಬ ಅಪ್ಪ. ಕೆಲವು ಪುಟಗಳನ್ನು ಓದುವಾಗ ಒಳಮನೆಯಲ್ಲಿ ಪಾತ್ರೆಯ ಸದ್ದು ಕೇಳಿದರೂ ಎದ್ದು ಹೋಗಿ ನೋಡಬೇಕು ಅನ್ನಿಸಿತು. ನಾಲ್ಕರಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ. ಆದರೆ ಹೆಚ್ಚು ದಿನ ಜೊತೆಯಲ್ಲಿ ಉಳಿಯುವುದು 'ಎಣ್ಮಕಜೆ'.

ಇವತ್ತು ಮಧ್ಯಾಹ್ನ ಎರಡು ಗಂಟೆ ಹೊತ್ತು ಬಿಸಿಲು ಬಿತ್ತು. ಮದ್ದು ಬಿಡುವ ದೋಟಿಯವನು ಫೋನು ಮಾಡಿ ನಾಳೆ ಬರುತ್ತೇನೆ ಎಂದಿದ್ದಾನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬಾವಿಗೆ ಮುಚ್ಚಲು ಟರ್ಪಾಲು ತೆಗೆದಿಟ್ಟಿದ್ದೇನೆ. 'ಎಣ್ಮಕಜೆ' ನಮ್ಮ ಜಗಲಿಯ ಕಪಾಟಿನಲ್ಲಿದೆ. ಮಲಯಾಳ ಓದಬಲ್ಲ ಕನ್ನಡದವರು ಯಾರಾದರೂ ಈ ದಾರಿಯಾಗಿ ಬಂದರೆ ಕೊಂಡುಹೋಗಿ ಓದಿ, ಓದಿದ ಮೇಲೆ ಮನೆಯ ಹಿರಿಯರಿಗೆ ಹೇಳಿ. ಅವರು ಏನೆಂದರು ಎಂದು ನನಗೆ ಬರೆದು ತಿಳಿಸಿ.