ಬೀದಿಯ ಖಾಜಿಗಳು

‘ಕೈ ಕಡಿದದ್ದು ತಪ್ಪೇ ಸರಿ, ಆದರೆ ಆ ಮೇಷ್ಟರು ಹಾಗೆ ಬರೆಯಬಾರದಿತ್ತು.’ ಈ ಮಾತನ್ನು ನಮ್ಮ ಸಭ್ಯ ಜನರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ‘ಆದರೆ’ ಎಂಬ ಈ ಮೂರಕ್ಷರವೇ ಮಚ್ಚು ಹಿಡಿದವನ ನಿಜವಾದ ಬಂಡವಾಳವೆಂದು ನಾನು ಹೇಳುತ್ತೇನೆ.

ಕೇರಳದ ತೊಡುಪುಳದಲ್ಲಿ ಮಲಯಾಳ ಕಲಿಸುತ್ತಿದ್ದ ಟಿ. ಜೆ. ಜೋಸೆಫರು 2010ರಲ್ಲಿ ಪರೀಕ್ಷೆಗೆ ಒಂದು ಪ್ರಶ್ನೆ ಹಾಕಿದರು. ಕೇಳಿದ್ದು ಲೇಖನ ಚಿಹ್ನೆ. ಆದರೆ ಆ ತುಣುಕಿನಲ್ಲಿ ದೇವರೊಡನೆ ಮಾತಾಡುವ ಹುಚ್ಚನಿಗೆ ಅವರಿಟ್ಟ ಹೆಸರು ಪ್ರವಾದಿಯವರ ಹೆಸರೂ ಆಗಿತ್ತು. ಗದ್ದಲವೆದ್ದಿತು, ಪೋಲೀಸರು ಮೊಕದ್ದಮೆ ಹೂಡಿದರು. ನೊಂದವರಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇತ್ತು. ಅಷ್ಟು ತಾಳ್ಮೆಯಿಲ್ಲದವರು ಜುಲೈ 4ರಂದು, ತಾಯಿ ಮತ್ತು ಸೋದರಿಯೊಡನೆ ಚರ್ಚಿನಿಂದ ಮರಳುತ್ತಿದ್ದ ಅವರನ್ನು ಮೂವಾಟ್ಟುಪುಳದಲ್ಲಿ ಅಡ್ಡಗಟ್ಟಿ ಬಲಗೈಯನ್ನು ಕಡಿದುಹಾಕಿದರು. ಪಾಪ್ಯುಲರ್ ಫ್ರಂಟ್ ಎಂಬ ಸಂಘಟನೆಯ ಕಾರ್ಯಕರ್ತರು ಇದಕ್ಕಾಗಿ ಮುಂದೆ ಶಿಕ್ಷೆಗೊಳಗಾದರು. ಜೋಸೆಫರ ಮೇಲಿನ ಮೊಕದ್ದಮೆ 2013ರಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ಅವರ ನೌಕರಿ ಹೋಗಿತ್ತು. ಅದನ್ನು ಕಿತ್ತುಕೊಂಡವರು ಮುಸ್ಲಿಮರಲ್ಲ, ಸ್ವಾಮಿ; ಅವರದೇ ಮತದವರು ನಡೆಸುವ ಕಾಲೇಜು! ಕೈ ಕಡಿದವರು ಅರ್ಧಕ್ಕೆ ಬಿಟ್ಟ ದಂಡನೆಯನ್ನು ಸಭ್ಯರು ಪೂರೈಸಿದರು.

ಇದು ಪಕ್ಕದ ರಾಜ್ಯದ ಕಥೆಯೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. 2006ರಲ್ಲಿ ಕೂಡಿ ಪಾಪ್ಯುಲರ್ ಫ್ರಂಟ್ ಆದ ಮೂರು ಸಂಘಗಳಲ್ಲಿ ಒಂದು ಕರ್ನಾಟಕದ್ದು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 5 ವರ್ಷಗಳಿಗೆ ನಿಷೇಧಿಸಿತು. ಬೋರ್ಡು ಇಳಿಯಿತು, ನಿಜ, ‘ಆದರೆ’ ಇಳಿಯಿತೆ? 2009ರಲ್ಲಿ ಮಂಗಳೂರಿನ ಪಬ್ಬಿನಲ್ಲಿ ಶ್ರೀರಾಮ ಸೇನೆಯವರು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದಾಗಲೂ ‘ಆದರೆ ಅವರು ಅಲ್ಲಿಗೇಕೆ ಹೋಗಬೇಕಿತ್ತು?’ ಎಂದವರು ನಮ್ಮಲ್ಲೇ ಇದ್ದರು.

ಇಂಥ ಖಾಜಿಗಳ ಕೈಗೆ ಮೊದಲು ಸಿಕ್ಕುವವನು ಪರಧರ್ಮದವನೆಂದು ತಿಳಿಯುವುದೂ ಭ್ರಮೆ. ಕುರಾನೊಂದೇ ಸಾಕು, ಹದೀಸು ಬೇಡವೆಂದು ಬೋಧಿಸುತ್ತಿದ್ದ ಚೇಕನ್ನೂರು ಮೌಲವಿಯವರನ್ನು 1993ರ ಜುಲೈನಲ್ಲಿ ಮನೆಯಿಂದ ಕರೆದುಕೊಂಡು ಹೋದರು. ಅವರು ಮರಳಲಿಲ್ಲ, ಶವವೂ ಸಿಕ್ಕಲಿಲ್ಲ. ಇಡೀ ಜನಾಂಗದತ್ತ ಬೆರಳು ತೋರುವ ನಮ್ಮ ಶೂರರಿಗೆ ಈ ಮೌಲವಿಯ ಹೆಸರೇ ಗೊತ್ತಿಲ್ಲ! ಮನೆಯೊಳಗೆ ‘ಇದು ಅನ್ಯಾಯ’ ಎಂದವನನ್ನು ಒಳಗಿನವರು ಬಡಿಯುತ್ತಾರೆ. ಹೊರಗಿನವರು ಅವನನ್ನೂ ಬಡಿದವರ ಲೆಕ್ಕಕ್ಕೇ ಸೇರಿಸುತ್ತಾರೆ. ಅವನು ಹೋಗುವುದಾದರೂ ಎಲ್ಲಿಗೆ?

2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ, ದೇವರಿಲ್ಲವೆಂದು ಸಾರಿದ ಮುಸ್ಲಿಂ ಮನೆತನದ ಯುವಕನೊಬ್ಬನನ್ನು ಸ್ವಮತದವರೇ ಕೊಂದರು. ತಾನೂ ಮಗನಿದ್ದ ನಾಸ್ತಿಕ ಸಂಘವನ್ನೇ ಸೇರುವೆನೆಂದು ಅವನ ತಂದೆ ಹೇಳಿದರು. ಆ ಮಾತಿನಲ್ಲಿ ‘ಆದರೆ’ ಇರಲಿಲ್ಲ.